ಮೂವತ್ತೊಂದನೆಯ ಪಾಠ

ತಂತಿ ಹರಿದ ಸದ್ದು ಹುಲಗಪ್ಪನಿಗೆ ಕೇಳಿಸಿತೋ ಇಲ್ಲವೋ ಹೇಳಲು ಬರುವುದಿಲ್ಲ. ಕೆಂಪು ಕಲ್ಲನ್ನು ಕೊಯ್ಯುವ ಆ ಉಕ್ಕಿನ ತಂತಿಗೆ ಮೊಳಕ್ಕೆ ಇಪ್ಪತ್ತರಂತೆ ವಜ್ರದ ಪುಡಿ ಮೆತ್ತಿದ ಮಣಿಗಳಿರುತ್ತವೆ. ತಂತಿ ಹರಿದರೆ ಮಣಿಗಳು ಬಂದೂಕಿನ ಗುಂಡುಗಳಾಗುತ್ತವೆ. ಒಂದು ಅವನ ಗಂಟಲನ್ನು ಹೊಕ್ಕಿತು. ಇನ್ನೊಂದು ಎಡಗಣ್ಣನ್ನು ಒಡೆಯಿತು. ಹರಿದ ತಂತಿಯ ತುದಿ ಚಾಟಿಯಂತೆ ಬೀಸಿ ಬಂದು ಮೊಣಕಾಲಿನ ಕೆಳಗೆ ಎಲುಬನ್ನು ಎರಡು ಮಾಡಿತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದ ಅವನ ಹೆಂಡತಿ ದ್ಯಾಮವ್ವ ಓಡಿಬಂದು ಗಂಟಲಿನ ತೂತಿಗೆ ಅಂಗೈ ಒತ್ತಿದಳು. ರಕ್ತ ಬೆರಳುಗಳ ಸಂದಿನಿಂದ ಬಂದೇ ಬಂದಿತು. ಆಮೇಲೆ ನಿಂತಿತು.

ಉಸಿರು ನಿಂತ ಮೇಲೂ ಹುಲಗಪ್ಪನ ಬಲಗೈ ಅಲುಗುತ್ತಿತ್ತು. ಮಣಿಕಟ್ಟಿನ ಕಡಗದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಹೆಬ್ಬೆರಳು ಕೆಳಗೆ ಒತ್ತಿತು, ತೋರುಬೆರಳು ಮೇಲೆ ಒತ್ತಿತು. ಕೊನೆಗೆ ನಾಲ್ಕು ಬೆರಳುಗಳು ಸೇರಿ ಕಲ್ಲಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದವು, ಮಗುವನ್ನು ಮಲಗಿಸುವವರು ತಟ್ಟುವಂತೆ. ದ್ಯಾಮವ್ವ ಕಿರುಚಿಕೊಂಡು ಆ ಕಡಗವನ್ನು ಕಿತ್ತು ಎಸೆದಳು.

ಆ ತಟ್ಟು ಹುಲಗಪ್ಪನದಲ್ಲ. ಮೂರು ವರ್ಷದ ಹಿಂದೆ ತೀರಿಹೋದ ಮಹಾನಂದಾ ಎಂಬ ಹೆಣ್ಣುಮಗಳದು.

ಕೈಪಾಠ ಎಂಬುದು ಆ ಕಾಲದಲ್ಲಿ ಮನೆಮಾತಾಗಿದ್ದ ಆನ್‌ಲೈನ್ ಕೋಡಿಂಗ್ ಕೋರ್ಸು. ಇಳಕಲ್ಲಿನ ಸುತ್ತಿನ ಕ್ವಾರಿಗಳಲ್ಲಿ ಕಲ್ಲು ಕೊಯ್ಯುವ ಯಂತ್ರಗಳಿಗೆ ಪ್ರತಿ ಬಂಡೆಗೂ ಹೊಸದಾಗಿ ಕೋಡು ಬರೆಯಬೇಕು, ಏಕೆಂದರೆ ಒಂದು ಬಂಡೆಯಂತೆ ಇನ್ನೊಂದಿರುವುದಿಲ್ಲ. ಇಪ್ಪತ್ತು ಸಾಲಿನ ಆ ಕೋಡನ್ನು ಯಂತ್ರದ ಮುಂದಿನ ಹಲಗೆಯ ಗುಂಡಿಗಳನ್ನು ಒತ್ತಿ ಕೆಲಸಗಾರನೇ ಬರೆಯುತ್ತಾನೆ. ಶಾಲೆಯ ಮುಖ ಕಾಣದವರಿಗೆ ಇದನ್ನು ಕಲಿಸುವುದು ಹೇಗೆ? ಮಹಾನಂದಾ ಕಂಡುಕೊಂಡ ದಾರಿ ಕಡಗ. ಕಲಿಸುವವರು ಕಡಗ ತೊಟ್ಟು ಕೋಡು ಬರೆದರೆ, ಅವರ ಬೆರಳಿನ ಒಂದೊಂದು ಚಲನೆಯೂ ನರದ ಮಿಡಿತವಾಗಿ ಅದರಲ್ಲಿ ಉಳಿಯುತ್ತದೆ. ಕಲಿಯುವವನು ತೊಟ್ಟರೆ ಅದೇ ಮಿಡಿತ ಅವನ ಕೈಯನ್ನು ನಡೆಸುತ್ತದೆ. ಹತ್ತು ದಿನದಲ್ಲಿ ಕೈ ತಾನಾಗಿ ಬರೆಯುತ್ತದೆ. ಕೆಲಸದ ನಡುವೆ ಅಪಾಯ ಬಂದರೆ, ತಕ್ಕ ಪಾಠವನ್ನು ಕಡಗವೇ ಆ ಕ್ಷಣದಲ್ಲಿ ಕೈಗೆ ಕೊಡುತ್ತದೆ. ನಲವತ್ತು ಸಾವಿರ ಜನರ ಮಣಿಕಟ್ಟಿನ ಮೇಲೆ ಆ ಕಡಗವಿತ್ತು.

ಪಾಠಗಳನ್ನು ಕಾಲಕ್ಕೆ ತಕ್ಕಂತೆ ತಿದ್ದಿ ಇಡುವ ಕೆಲಸ ಮಹಾನಂದಾಳ ತಂದೆ ಅಡವಯ್ಯನವರದು. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಮಗಳೇ ಅವರನ್ನು ಕರೆದು ಕೂರಿಸಿದ್ದಳು. "ಅಪ್ಪಾ, ನಿಮ್ಮಂಗ ತಪ್ಪು ಹುಡುಕಾವ್ರು ಜಗತ್ತಿನ್ಯಾಗ ಯಾರಿಲ್ಲ. ಬರ್ರಿ, ನನ್ನ ತಪ್ಪು ಹುಡುಕ್ರಿ," ಎಂದಿದ್ದಳು. ಮೂವತ್ತೊಂದನೆಯ ಪಾಠವನ್ನು ಮುಗಿಸಿ ಹಲಗೆಯನ್ನು ಎರಡು ಸಲ ತಟ್ಟಿ, ಕಡಗ ಬಿಚ್ಚಿಟ್ಟು ಊಟಕ್ಕೆಂದು ಸ್ಕೂಟರಿನಲ್ಲಿ ಹೊರಟವಳನ್ನು ಕಲ್ಲಿನ ಲಾರಿ ಅರೆದುಹಾಕಿತು. ಅವಳ ಮುಖವನ್ನು ನೋಡಲು ಯಾರೂ ಅಡವಯ್ಯನವರನ್ನು ಬಿಡಲಿಲ್ಲ. ಕೈ ಮಾತ್ರ ತೋರಿಸಿದರು. ಕೈಗೆ ಏನೂ ಆಗಿರಲಿಲ್ಲ.

ಅಂದಿನಿಂದ ದಿನವೂ ಬೆಳಿಗ್ಗೆ ಅವರು ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮುಗಿಸುವರು. ಆಮೇಲೆ ಬಲಗೈಗೆ ಕಡಗ ತೊಟ್ಟು ಆ ಪಾಠವನ್ನು ಒಂದು ಸಲ ನಡೆಸುವರು. ಮಗಳ ಬೆರಳುಗಳು ಅವರ ಬೆರಳೊಳಗೆ ಬಂದು ಓಡಾಡುವುವು. ಕೊನೆಗೆ ಆ ಎರಡು ತಟ್ಟು. ಪರಮಾತ್ಮ ತಮಗೆ ಉಳಿಸಿಕೊಟ್ಟ ಪ್ರಸಾದ ಇಷ್ಟೇ ಎಂದು ಅವರು ತಿಳಿದಿದ್ದರು.

ಆ ಪಾಠ ತಂತಿ ಸಿಕ್ಕಿಕೊಂಡಾಗ ಮಾಡಬೇಕಾದದ್ದರ ಕುರಿತಾದದ್ದು. ಎರಡೇ ಸಾಲು. ಮೊದಲು ಹೆಬ್ಬೆರಳಿನಿಂದ ತಂತಿ ಓಡಿಸುವ ಗಾಲಿಯನ್ನು ನಿಲ್ಲಿಸು, ಆಮೇಲೆ ತೋರುಬೆರಳಿನಿಂದ ತಂತಿಯನ್ನು ಸಡಿಲಿಸು. ಹಳೆಯ ಯಂತ್ರಕ್ಕೆ ಅದು ಸರಿ. ಮೂರು ತಿಂಗಳ ಹಿಂದೆ ಬಂದ ಹೊಸ ಯಂತ್ರದ ಬ್ರೇಕು ಗಾಲಿಯನ್ನು ಕಣ್ಣು ಮಿಟುಕಿಸುವುದರೊಳಗೆ ಕಚ್ಚಿ ಹಿಡಿಯುತ್ತದೆ. ಬಿಗಿದ ತಂತಿ ಆ ಜಗ್ಗಿಗೆ ಹರಿಯುತ್ತದೆ. ಆದ್ದರಿಂದ ಮೊದಲು ಸಡಿಲಿಸಬೇಕು, ಆಮೇಲೆ ನಿಲ್ಲಿಸಬೇಕು; ಹಳೆಯ ಯಂತ್ರಕ್ಕೂ ಅದರಿಂದ ಕೇಡಿಲ್ಲ. ಯಂತ್ರ ಮಾಡಿದವರು ಪುಸ್ತಕದಲ್ಲಿ ಹಾಗೆಯೇ ಬರೆದು ಕೈ ತೊಳೆದುಕೊಂಡಿದ್ದರು. ಅಡವಯ್ಯನವರು ಹನ್ನೊಂದು ಪಾಠಗಳನ್ನು ಹೊಸ ಯಂತ್ರಕ್ಕೆಂದು ಅಳಿಸಿ ಬೇರೆ ಮಾಡಿಸಿದರು. ಮೂವತ್ತೊಂದನೆಯದನ್ನು ಅಳಿಸಲಿಲ್ಲ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಟಿಪ್ಪಣಿ ಬರೆದರು: ಹೊಸ ಯಂತ್ರದಲ್ಲಿ ಕ್ರಮ ತಿರುವುಮುರುವು, ಗಮನಿಸಿರಿ.

ಹುಲಗಪ್ಪ ಸತ್ತ ಮರುದಿನ ಕೈಪಾಠದ ಕಚೇರಿಯಲ್ಲಿ ತಸ್ಲೀಮಾ ಪರದೆಯ ಮೇಲೆ, ತಂತಿ ಹರಿದು ಜನ ಸತ್ತ ಕ್ವಾರಿಗಳನ್ನು ಗುರುತಿಸಿದ ನಕ್ಷೆಯನ್ನು ತೋರಿಸಿದಳು. ಪಾಠಗಳನ್ನು ಕಡಗಗಳಿಗೆ ಕಳಿಸುವವಳು ಅವಳು. ಮಹಾನಂದಾಳ ಕೈಕೆಳಗೆ ಪಳಗಿದವಳು.

"ಮಾಸ್ತರ, ಇದು ಐದನೇ ಹೆಣ."

"ಟಿಪ್ಪಣಿ ಹಾಕೇನಲ್ಲವಾ. ಇಷ್ಟು ದಪ್ಪ ಅಕ್ಷರದಾಗ."

"ಕೈ ಟಿಪ್ಪಣಿ ಓದತೈತೇನ್ರಿ? ತಂತಿ ಸಿಕ್ಕೊಂಡ ಕೂಡ್ಲೆ ಕಡಗ ಮಹಾನಂದಕ್ಕನ ಕೈ ಕೊಡತೈತಿ. ಆ ಕೈ ನಿಲ್ಸು ಅಂತೈತಿ. ಮಂದಿ ಸಾಯ್ತಾರ. ನೀವು ಮೂರು ತಿಂಗಳಾತು, ಇನ್ನಾ ನೋಡೂಣು ಅಂತೀರಿ."

"ಅದು ಆಕಿ ಕಡೀ ಪಾಠ, ತಸ್ಲೀಮಾ."

"ನನಗೂ ಗೊತ್ತೈತ್ರಿ. ನಾನೂ ಆಕಿ ಕೈಯಿಂದನ ಕಲತಾಕಿ." ಅವಳ ಕಣ್ಣು ತುಂಬಿತ್ತು. "ಹುಲಗಪ್ಪನ ಕೈ ಸತ್ತ ಮ್ಯಾಲ ಎರಡ ಸಲ ತಟ್ಟಿತಂತ್ರಿ ಮಾಸ್ತರ."

ಅಡವಯ್ಯನವರು ಕುರ್ಚಿಯ ತೋಳನ್ನು ಹಿಡಿದುಕೊಂಡರು. ಅಷ್ಟರಲ್ಲಿ ಕೆಳಗಿನ ಬಾಗಿಲು ಒಡೆದ ಸದ್ದಾಯಿತು.

ಇಪ್ಪತ್ತು ಮೂವತ್ತು ಜನ ಮೇಲೆ ನುಗ್ಗಿದರು. ಕೈಯಲ್ಲಿ ಹಾರೆ, ಸುತ್ತಿಗೆ, ಕಲ್ಲು ಸೀಳುವ ಉಳಿ. ಮೊದಲ ಪೆಟ್ಟಿಗೆ ಪರದೆ ಒಡೆದು ಗಾಜು ಸುರಿಯಿತು. ಗೋಡೆಯ ಮೇಲಿನ ಮಹಾನಂದಾಳ ಫೋಟೋ ನೆಲಕ್ಕೆ ಬಿದ್ದು ಯಾರದೋ ಕಾಲಿನ ಕೆಳಗೆ ಹೋಯಿತು. ಅಡ್ಡ ಬಂದ ಕಾವಲುಗಾರನ ತಲೆ ಬಾಗಿಲಿನ ಚೌಕಟ್ಟಿಗೆ ಬಡಿದು ಅವನು ಕುಸಿದನು. ಎಲ್ಲರಿಗೂ ಮುಂದೆ ದ್ಯಾಮವ್ವ ಇದ್ದಳು. ಅವಳ ಸೀರೆಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು.

"ಮೂವತ್ತೊಂದನೇ ಪಾಠ ಹೇಳಿದಾಕಿ ಯಾರು? ಹೊರಗ ಕಳಸ್ರಿ ಆಕಿನ್ನ."

"ಆಕಿ ಇಲ್ಲ ತಾಯಿ. ತೀರಿಕೊಂಡು ಮೂರು ವರ್ಷ ಆತು," ಎಂದರು ಅಡವಯ್ಯನವರು.

"ಸತ್ತಾಕಿ ಕೈಲೆ ನನ್ನ ಗಂಡನ್ನ ಕೊಲ್ಲಿಸಿದ್ರಿ?"

ಅವರು ಕಾಲುಗಳ ನಡುವೆ ಬಿದ್ದಿದ್ದ ಫೋಟೋದ ಕಡೆ ನೋಡಿದರು.

"ತಪ್ಪು ಪಾಠ ಅಂತ ಗೊತ್ತಿತ್ತಿಲ್ಲೋ? ಗೊತ್ತಿದ್ದೂ ಇಟ್ಟಾವ ಯಾರು?"

ಸುಳ್ಳು ಹೇಳಬಹುದಾಗಿತ್ತು. ಹಣೆಯ ವಿಭೂತಿ ಅವರನ್ನು ತಡೆಯಿತು. "ನಾನು," ಎಂದರು.

ದ್ಯಾಮವ್ವ ಎಡಗೈಯಲ್ಲಿ ಹಿಡಿದಿದ್ದ ಕಬ್ಬಿಣದ ಅಳತೆಪಟ್ಟಿಯನ್ನು ಬೀಸಿದಳು. ಹುಬ್ಬಿನ ಮೇಲಿನ ಚರ್ಮ ತೆರೆದುಕೊಂಡಿತು. ಅವರು ಬಿದ್ದರು. ಬಿದ್ದವರ ಪಕ್ಕೆಗೆ ಒದ್ದವರು ಬೇರೆ. ಒಂದು ಎಲುಬು ಒಳಗೇ ಮುರಿದದ್ದು ಅವರಿಗೆ ತಿಳಿಯಿತು. ಕೈಯೆತ್ತಿ ತಡೆಯಲಿಲ್ಲ. ತಸ್ಲೀಮಾ ಅವರ ಮೇಲೆ ಬಿದ್ದು ಮುಚ್ಚಿಕೊಂಡು, "ಕೊಲ್ಲಬ್ಯಾಡ್ರಿ, ಯಪ್ಪಾ! ಪಾಠ ತಿದ್ದಾವ್ರು ಇವ್ರ ಅದಾರ!" ಎಂದು ಕೂಗಿಕೊಂಡಾಗ ಒದೆತ ನಿಂತಿತು.

"ಹದಿನೈದು ದಿನ ಕ್ವಾರಿ ಬಂದ್," ಎಂದಳು ದ್ಯಾಮವ್ವ. "ಅಷ್ಟರಾಗ ಪಾಠ ಸರಿ ಆಗಬೇಕು. ಆಗಲಿಲ್ಲಂದ್ರ ಈ ಮನುಷ್ಯಾನ್ನ ನಾನ ಕೊಲ್ತೀನಿ."

ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಗಂಡನಿಗೆ ಶರಣವ್ವ ಗಂಜಿ ಕುಡಿಸಿದರು. ಲೋಟ ಕೆಳಗಿಟ್ಟು ಅವರ ಕಡಗದ ಕಡೆ ಕೈ ತೋರಿಸಿದರು.

"ಮೂರು ವರ್ಷ ಆತು. ಪೂಜಿ ಮುಗಿಸಿ ಬಾಗಲಾ ಹಾಕ್ಕೊಂಡು ಕಡಗ ಹಾಕ್ಕೋತೀರಿ. ಆಕಿನ್ನ ಹಡದಾಕಿ ನಾನು. ಒಂದ ದಿನರ ನಿನ್ನ ಕೈಗೂ ಹಾಕಲೇನು ಅಂದ್ರೇನು?"

ಅಡವಯ್ಯನವರಿಗೆ ಅದು ಹೊಳೆದೇ ಇರಲಿಲ್ಲ. ಅವರು ನಾಚಿ ಕಡಗವನ್ನು ಮುಂದೆ ಚಾಚಿದರು. "ಹಾಕ್ಕೋ ಈಗ."

ಶರಣವ್ವ ಕೈ ಹಿಂದಕ್ಕೆ ಎಳೆದುಕೊಂಡರು. "ಈಗ ಬ್ಯಾಡ. ಐದು ಹೆಣ ಅದಾವ ಅದರಾಗ. ಅದನ್ನ ಅಳಿಸಿಬಿಡ್ರಿ. ನನ್ನ ಮಗಳ ಕೈಗೆ ಇನ್ನ ರಕ್ತ ಹಚ್ಚಬ್ಯಾಡ್ರಿ."

ಮರುದಿನ ಅವರು ಮುರಿದ ಪಕ್ಕೆಗೆ ಬಟ್ಟೆ ಬಿಗಿದು ಕಚೇರಿಗೆ ಹೋದರು. ಕೋರ್ಸಿನಿಂದ ಮಗಳ ಪಾಠವನ್ನು ಅಳಿಸಿದರು. ತಾವೇ ಕಡಗ ತೊಟ್ಟು ಹೊಸ ಪಾಠವನ್ನು ಬರೆದರು: ಮೊದಲು ಸಡಿಲಿಸು, ಆಮೇಲೆ ನಿಲ್ಲಿಸು. ಒಡೆಯದೆ ಉಳಿದಿದ್ದ ಪರದೆಯ ಮೇಲೆ ಸಾಲುಗಳು ಸರಿಯಾಗಿ ಬಂದವು. ತಸ್ಲೀಮಾ ನೂರು ಸಲ ಪರೀಕ್ಷಿಸಿದಳು. ನೂರು ಸಲವೂ ಸರಿ. ಹದಿಮೂರನೆಯ ದಿನ ಪಾಠ ನಲವತ್ತು ಸಾವಿರ ಕಡಗಗಳಿಗೆ ಹೋಯಿತು.

ಒಂದು ಮಾತನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಮಗಳ ಪಾಠದ ಒಂದು ಪ್ರತಿ ಅವರ ಸ್ವಂತ ಕಡಗದಲ್ಲಿ ಉಳಿದಿತ್ತು. ಹೊಸ ಪಾಠ ಬರೆದ ದಿನದ ಬೆಳಿಗ್ಗೆಯೂ ಅವರು ಅದನ್ನು ನಡೆಸಿದ್ದರು.

ಕ್ವಾರಿ ತೆರೆದ ದಿನ ಅವರೂ ತಸ್ಲೀಮಾಳೂ ಅಲ್ಲಿಗೆ ಹೋದರು. ಜನ ಅವರಿಗೆ ದಾರಿ ಬಿಟ್ಟರು, ನಮಸ್ಕಾರ ಮಾಡಲಿಲ್ಲ. ಯಂತ್ರದ ಮುಂದೆ ನಿಂತಿದ್ದವನು ಯಮನೂರಪ್ಪ, ದಪ್ಪ ಮೀಸೆಯ ನಗೆಗಾರ.

"ಮಾಸ್ತರ, ಇವತ್ತಿಂದ ನನ್ನ ಕೈಯಾಗ ನೀವ ಅದೀರಂತ. ಹಂಗಾದ್ರ ನಾನೂ ವಿಭೂತಿ ಹಚ್ಚಿ, ಕೋಳಿ ತಿನ್ನೂದು ಬಿಡಬೇಕೇನ್ರಿ?"

"ಕೈಯಾಗ ಅಷ್ಟ ಅದೀನಪ್ಪ. ಬಾಯಿ ನಿಂದ," ಎಂದರು ಅಡವಯ್ಯನವರು. ಹದಿನೈದು ದಿನದಲ್ಲಿ ಮೊದಲ ಸಲ ಅಲ್ಲಿ ನಗು ಕೇಳಿಸಿತು.

ಯಂತ್ರ ಓಡಿತು. ನೀರು ಕೆಂಪಾಗಿ ಹರಿಯಿತು. ಅರ್ಧ ತಾಸಿನ ಮೇಲೆ ಬಂಡೆಯೊಳಗೆ ತಂತಿ ಸಿಕ್ಕಿಕೊಂಡು ಕೀರಲು ಸದ್ದು ಬಂದಿತು. ಯಮನೂರಪ್ಪನ ಕಡಗ ಹಸಿರಾಯಿತು. ಅಡವಯ್ಯನವರ ಕಣ್ಣು ಅವನ ಬೆರಳಿನ ಮೇಲೆಯೇ ಇತ್ತು. ತೋರುಬೆರಳು ಮೇಲೆ ಹೋಗಬೇಕಾಗಿತ್ತು. ಆದರೆ ಅದಕ್ಕಿಂತ ಮೊದಲು ಹೆಬ್ಬೆರಳು ಒಂದಿಷ್ಟು ಕೆಳಗಿಳಿಯಿತು, ನಿಲ್ಲಿಸುವ ಗುಂಡಿಯ ಕಡೆಗೆ. ಕಡಗ ಕಲಿಸಿದ್ದು ಅಷ್ಟೇ, ಕೂದಲೆಳೆಯಷ್ಟು. ಹೆದರಿದ ಕೈ ಅದನ್ನು ಪೂರ್ತಿ ಒತ್ತಿಬಿಟ್ಟಿತು.

ಹರಿದ ತಂತಿ ಯಮನೂರಪ್ಪನ ಹೊಟ್ಟೆಯ ಮೇಲೆ ಅಡ್ಡ ಹಾಯಿತು. ಅವನು ಎರಡೂ ಕೈಗಳಿಂದ ಕರುಳನ್ನು ಒತ್ತಿಹಿಡಿದುಕೊಂಡು ಕುಳಿತು, ಏನೋ ಕೇಳಬೇಕೆಂಬಂತೆ ಅಡವಯ್ಯನವರ ಕಡೆ ನೋಡಿ, ಮುಂದಕ್ಕೆ ಬಿದ್ದನು. ಒಂದು ಮಣಿ ತಸ್ಲೀಮಾಳ ಕಿವಿಯ ತುದಿಯನ್ನು ಹಾರಿಸಿಕೊಂಡು ಹೋಗಿತ್ತು. ಅವಳು ಕಿವಿ ಹಿಡಿದುಕೊಂಡು ಹೆಣದ ಬಳಿಗೆ ಓಡಿದಳು.

ಜನ ಕಲ್ಲು ಎತ್ತಿಕೊಂಡರು. ಮೊದಲ ಕಲ್ಲು ಅಡವಯ್ಯನವರ ಭುಜಕ್ಕೆ ಬಿದ್ದಿತು, ಎರಡನೆಯದು ಬಾಯಿಗೆ. ಹಲ್ಲು ಮುರಿದು ರಕ್ತ ಗಡ್ಡಕ್ಕಿಳಿಯಿತು. ಅವರು ಕಣ್ಣು ಮುಚ್ಚಿ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದು ನಿಂತರು. ಮೂರನೆಯ ಕಲ್ಲು ಬರಲಿಲ್ಲ. ನೋಡಿದರೆ ದ್ಯಾಮವ್ವ ಎದುರಿಗೆ ನಿಂತಿದ್ದಳು, ಜನರ ಕಡೆಗೆ ಬೆನ್ನು ಮಾಡಿ.

"ಯಮನೂರಣ್ಣನ ಹೆಬ್ಬಳ್ಳು ಮದ್ಲ ಕೆಳಗ ಹೋತು. ನಾ ನೋಡೀನಿ. ನೀವು ಬರದಿದ್ದು ಹಂಗಲ್ಲ. ಯಾಕ ಹೋತು? ಖರೇ ಹೇಳ್ರಿ. ಈಗ ಸುಳ್ಳು ಹೇಳಿದ್ರ ನಾ ಪಕ್ಕಕ್ಕ ಸರೀತೀನಿ."

ಅವರು ರಕ್ತ ಉಗುಳಿ ಎಲ್ಲವನ್ನೂ ಹೇಳಿದರು. ಉಳಿಸಿಕೊಂಡ ಪ್ರತಿ, ಮುಂಜಾನೆಯ ಕಡಗ, ಮೂರು ವರ್ಷ. ತಲೆ ಹೊಸ ಪಾಠವನ್ನು ಬರೆದಿತ್ತು. ಕೈ ಹಳೆಯದನ್ನು ಮರೆತಿರಲಿಲ್ಲ. ಆ ಕೂದಲೆಳೆಯಷ್ಟು ತಡವರಿಕೆ ಪರದೆಯ ಮೇಲೆ ಕಾಣುವಂಥದ್ದಲ್ಲ. ಕಡಗ ಮಾತ್ರ ಅದನ್ನು ಬರೆದುಕೊಂಡಿತ್ತು.

"ಹಂಗಾದ್ರ ಈ ತಂಗಿ ಬರೀಲಿ," ಎಂದು ಒಬ್ಬನು ತಸ್ಲೀಮಾಳನ್ನು ತೋರಿಸಿದನು.

"ನನ್ನ ಕೈಯೂ ಮಹಾನಂದಕ್ಕಂದ," ಎಂದಳು ತಸ್ಲೀಮಾ. "ಕಚೇರ್ಯಾಗ ಎಲ್ಲಾರದೂ ಅಷ್ಟ. ಇಲ್ಲಿ ಕೋಡು ಬಲ್ಲಾವ್ರೆಲ್ಲಾ ಆಕಿ ಕೈಯಿಂದನ ಕಲತಾರ. ಆಕಿ ಇಲ್ಲದ ಕೈ ಎಲ್ಲಿಂದ ತರೂದು?"

ದ್ಯಾಮವ್ವ ತನ್ನ ಎಡಗೈಯನ್ನು ಚಾಚಿದಳು.

"ನನ್ನ ಕೈಯಾಗ ಯಾರೂ ಇಲ್ಲ. ಕೋರ್ಸಿಗೆ ಸೇರ್ಸ್ಕೋರಿ ಅಂತ ಬಂದಿದ್ದೆ. ಎಡಚರಿಗೆ ಕಡಗ ಇಲ್ಲ ಅಂತ ಕಾಗದ ಕೊಟ್ಟು ಕಳಿಸಿದ್ರಿ. ಕೆಳಗ ನಿಮ್ಮ ಸಹಿ ಇತ್ತು ಮಾಸ್ತರ. ಗಂಡನ ಬಾಜೂಕ ಕುಂತು ಕಣ್ಣಿಲೆ ನೋಡಿ ಕಲತೀನಿ. ಆತ ಬರದಿದ್ದನ್ನ ಓದಿ ತಪ್ಪು ತೋರ್ಸಾಕಿ ನಾನು."

ಗುಂಪಿನ ಹಿಂದಿನಿಂದ ಒಬ್ಬ ಮುದುಕ ಗೊಣಗಿದನು: "ಗಂಡ ಸತ್ತಾಕಿ. ಅದರಾಗ ಎಡಗೈ. ನಲವತ್ತು ಸಾವಿರ ಮಂದಿಗೆ ಎಡಗೈ ಪಾಠ ಹಾಕ್ತೀರೇನು?"

ಅಡವಯ್ಯನವರು ಕರಡಿಗೆಯನ್ನು ತೆರೆದು ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಅಂಗೈ ರಕ್ತವಾಗಿತ್ತು. "ದಿನಾ ಶಿವ ಕೂಡೂದು ಈ ಕೈಯಾಗಪ್ಪ," ಎಂದರು. "ನನಗ ಇಷ್ಟು ದಿನ ತಿಳೀಲಿಲ್ಲ, ನೀನರ ತಿಳ್ಕೋ."

ಅಲ್ಲಿಯೇ, ಹೆಣವನ್ನು ಎತ್ತಿ ಸಾಗಿಸಿದ ಜಾಗದ ಪಕ್ಕದಲ್ಲಿ, ದ್ಯಾಮವ್ವ ಎಡಗೈಗೆ ಕಡಗ ತೊಟ್ಟು ಎರಡು ಸಾಲು ಬರೆದಳು. ಬೆರಳು ತಡವರಿಸಲಿಲ್ಲ. ಬರೆದು ಮುಗಿದ ಮೇಲೆ ಅವಳ ಕೈ ಗಟ್ಟಿಯಾಗಿ ಮುಷ್ಟಿ ಕಟ್ಟಿತು. ಕನ್ನಡಿಯಲ್ಲಿ ತಿರುಗಿದ ಬಿಂಬದಂತೆ ಎಡಗೈಯ ಪಾಠವನ್ನು ಬಲಗೈಗೆ ತಿರುವಿಕೊಡುವುದು ತಸ್ಲೀಮಾಳಿಗೆ ಅರ್ಧ ಗಳಿಗೆಯ ಕೆಲಸ. ಅಷ್ಟು ಸುಲಭವಾದದ್ದನ್ನು ಇಷ್ಟು ವರ್ಷ ಯಾರೂ ಮಾಡಿರಲಿಲ್ಲ.

"ಮಂದಿಗೆ ಕಳಿಸೂ ಮದ್ಲ ನೀವು ಹಾಕ್ಕೋರಿ," ಎಂದಳು ದ್ಯಾಮವ್ವ. "ಹಳೇ ಪಾಠ ಹೆಚ್ಚು ಇರೂದು ನಿಮ್ಮ ಕೈಯಾಗ. ಅಲ್ಲಿ ಅಳಿದ್ರ ಎಲ್ಲಾ ಕಡೆ ಅಳೀತೈತಿ. ಹಾಕ್ಕೊಂಡು ತಂತಿ ಎದುರ ನಿಂದರ್ರಿ. ನನ್ನ ಗಂಡ ನಿಂತಲ್ಲಿ."

"ಬ್ಯಾಡ್ರಿ ಮಾಸ್ತರ, ಸಾಯ್ತೀರಿ," ಎಂದಳು ತಸ್ಲೀಮಾ.

ಅವರು ತಮ್ಮ ಕಡಗವನ್ನು ಅವಳ ಕೈಗೆ ಕೊಟ್ಟರು. "ಇದರಾಗ ಇರೂದನ್ನ ಅಳಿಸು. ಆಕೀದು ಹಾಕು."

ಅಳಿಸಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಮೊದಲ ಸಲ ಪಾಠ ನಡೆದಾಗ ಅವರ ಹೆಬ್ಬೆರಳು ಸೆಟೆದು ಕೆಳಗೆ ಹೋಯಿತು. ಕಡಗದ ಮಿಡಿತ ಅದನ್ನು ಎಳೆದು ತಂದಿತು. ಕೀಲು ಲಟಕ್ಕೆಂದಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಹತ್ತನೆಯ ಸಲಕ್ಕೆ ಮಣಿಕಟ್ಟು ಊದಿಕೊಂಡಿತು. ನಲವತ್ತರ ಮೇಲೆ ಅವರು ಎಣಿಸಲಿಲ್ಲ. ಪ್ರತಿ ಸಲವೂ ಬೆರಳುಗಳ ಒಳಗೆ ಯಾರೋ ಹಿಡಿದುಕೊಂಡಂತೆ, ಯಾರೋ ಅವಳನ್ನು ಬಿಡಿಸಿ ಎಳೆದೊಯ್ಯುತ್ತಿದ್ದಂತೆ ಅನ್ನಿಸುತ್ತಿತ್ತು. ಅವರ ಬಾಯಿಂದ ನರಳಾಟ ಹೊರಟಿತು. "ಬಿಡವ್ವಾ ನಂದಾ," ಎಂದರು ಒಂದು ಸಲ. "ಬಿಡು ನನ್ನ ಕೈ." ಸುತ್ತ ನಿಂತವರು ನೆಲ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಸುಮ್ಮನಾಯಿತು. ಹೊಸ ತಂತಿ ಕಟ್ಟಿದರು. ಅಡವಯ್ಯನವರು ಹಲಗೆಯ ಮುಂದೆ, ತಂತಿಯ ನೇರಕ್ಕೆ ನಿಂತರು. ಕಾಲಿನ ಕೆಳಗಿನ ಕಲ್ಲಿನಲ್ಲಿ ಯಮನೂರಪ್ಪನ ರಕ್ತ ಇನ್ನೂ ಒಣಗಿರಲಿಲ್ಲ. ದ್ಯಾಮವ್ವ ತಾನೂ ಬಂದು ಅವರ ಪಕ್ಕದಲ್ಲಿ ನಿಂತಳು.

"ನೀ ಯಾಕವ್ವಾ?"

"ಪಾಠ ನಂದೈತಿ. ತಪ್ಪಿದ್ರ ನಂಗೂ ಬಡೀಲಿ."

ಯಂತ್ರ ಓಡಿತು. ಕೊಯ್ದ ಸೀಳಿಗೆ ಉಕ್ಕಿನ ಬೆಣೆ ಹೊಡೆದು ಬೇಕೆಂದೇ ತಂತಿಯನ್ನು ಸಿಕ್ಕಿಸಿದರು. ಕೀರಲು ಸದ್ದು ಎದ್ದಿತು. ಬಿಗಿದ ತಂತಿ ಕಣ್ಣ ಮುಂದೆ ನಡುಗಿತು. ಅದರ ಒಂದೊಂದು ಮಣಿಯೂ ಕಾಣಿಸಿತು. ಕಡಗ ಹಸಿರಾಯಿತು. ಶಿವ ಶಿವ ಎನ್ನುವಷ್ಟು ಹೊತ್ತೂ ಸಿಗಲಿಲ್ಲ. ತೋರುಬೆರಳು ಮೇಲೆ ಹೋಯಿತು. ತಂತಿ ಸೊರಗಿ ಜೋತುಬಿದ್ದಿತು. ಆಮೇಲೆ ಹೆಬ್ಬೆರಳು ಒತ್ತಿತು. ಗಾಲಿ ಗಕ್ಕನೆ ನಿಂತಿತು. ತಂತಿ ಒಂದು ಸಲ ಹೊರಳಿ ಕೆಸರಿನಲ್ಲಿ ಬಿದ್ದುಕೊಂಡಿತು.

ಅಡವಯ್ಯನವರ ಕೈ ಇನ್ನೂ ಹಲಗೆಯ ಮೇಲಿತ್ತು. ಅವರು ಕಾದರು. ಮೂರು ವರ್ಷ, ಒಂದು ದಿನವೂ ತಪ್ಪದೆ, ಪಾಠ ಮುಗಿದೊಡನೆ ಆ ಎರಡು ತಟ್ಟು ಬರುತ್ತಿದ್ದವು. ಬೆರಳುಗಳು ಮಡಚಿಕೊಂಡು ದ್ಯಾಮವ್ವನ ಮುಷ್ಟಿಯಾದವು, ಉಗುರು ಅಂಗೈಗೆ ನಾಟುವಷ್ಟು ಗಟ್ಟಿಯಾಗಿ.

"ಕಳಿಸು ತಸ್ಲೀಮಾ," ಎಂದರು.

ಜನ ಚದುರಿದ ಮೇಲೆ ಅವರು ಕಡಗವನ್ನು ಬಿಚ್ಚಿ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ಹಲಗೆಯ ಮೇಲೆ ತಾವೇ ಎರಡು ಸಲ ತಟ್ಟಿ ನೋಡಿದರು. ಅದು ಒಬ್ಬ ಮುದುಕನ ಕೈಯ ಸದ್ದಾಗಿತ್ತು.